ಹಿಡಿಸದಿದ್ದರೆ ಮನೆಗೇ ತಗೊಂಡು ಬಾ

ನಿಂಗವ್ವನ ತಕರಾರು ದೊಡ್ಡದೇನಲ್ಲ. ಸೊಸೆ ಮನೆಯಲ್ಲಿದ್ದಾಳೋ, ಕೆಲಸಕ್ಕೆ ಹೋಗಿದ್ದಾಳೋ, ಇಷ್ಟನ್ನು ಯಾರಾದರೂ ಅವಳಿಗೆ ಬಿಡಿಸಿ ಹೇಳಬೇಕಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸಮೃದ್ಧಿ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮೊಣಕಾಲು ಹರಿದ ಪೈಜಾಮ ತೊಟ್ಟು (ಕ್ಯಾಮೆರಾಕ್ಕೆ ಸೊಂಟದ ಕೆಳಗೆ ಕಾಣುವುದಿಲ್ಲವಂತೆ), "ಅತ್ತೀ, ಕೆಲಸಕ್ಕ ಹೊಂಟೆ ನೋಡ್ರಿ" ಎಂದು ಹೇಳಿ ಅಡುಗೆಮನೆಯಿಂದ ಹೊರಡುತ್ತಿದ್ದಳು. ಹೊರಟವಳು ಪಡಸಾಲೆಯ ಮೂಲೆಯ ಮೇಜಿಗೆ ಹೋಗಿ ಕೂರುತ್ತಿದ್ದಳು. ಒಟ್ಟು ಒಂಬತ್ತು ಹೆಜ್ಜೆ. ನಿಂಗವ್ವ ಎಣಿಸಿದ್ದಾಳೆ. ಆ ಒಂಬತ್ತು ಹೆಜ್ಜೆ ದಾಟಿದ ಮೇಲೆ ಸೊಸೆ ಕಣ್ಣೆದುರಿಗೇ ಇದ್ದರೂ ಇಲ್ಲ. ಹಾಲಿನವನು ಕೂಗಿದರೆ ಇಲ್ಲ, ಕುಕ್ಕರ್ ಸೀಟಿ ಹೊಡೆದರೆ ಇಲ್ಲ, ಅತ್ತೆ ಜಾರಿ ಬಿದ್ದರೂ ಇಲ್ಲವೇನೋ (ಇದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ನಿಂಗವ್ವನಿಗೆ ಆಗಲಿಲ್ಲ).

ಬಾಜೂ ಮನೆಯ ಅಕ್ಕವ್ವ ಬಂದು, "ಸೊಸಿ ಅದಾಳೇನ್ರಿ?" ಎಂದು ಕೇಳಿದರೆ ಏನು ಹೇಳಬೇಕು?

"ಅದಾಳ ಖರೇ, ಇಲ್ರಿ," ಎನ್ನುತ್ತಿದ್ದಳು ನಿಂಗವ್ವ.

ಅಕ್ಕವ್ವ ಇದಕ್ಕೆ ತನಗೆ ಬೇಕಾದ ಅರ್ಥ ಹಚ್ಚಿಕೊಂಡು, ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆಂದು ಖಾಸಬಾಗದ ಎರಡು ಓಣಿಗೆ ಸುದ್ದಿ ಹಂಚಿದಳು.

ಕೊನೆಗೆ ಒಂದು ದಿನ ನಿಂಗವ್ವ ಮಗನನ್ನು ಹಿಡಿದು ಕೂರಿಸಿಕೊಂಡಳು. ಪ್ರಸಾದ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವವನು. ಕೆಂಡದಂಥ ಕಬ್ಬಿಣದ ಮುಂದೆ ನಿಂತು ಬರುವವನಿಗೆ ಮನೆಯಲ್ಲಿ ಅವ್ವನ ಪ್ರಶ್ನೆಗಳ ಕಾವು ಏನೂ ಅನಿಸಬಾರದು, ಆದರೂ ಬೆವತ.

"ನೋಡವ್ವಾ, ಮಂದಿ ತಮ್ಮ ಫೋಟೋ, ಅಳತಿ, ತಮಗೇನ ಬೇಕು ಎಲ್ಲಾ ಫೋನಿನ್ಯಾಗ ಹಾಕ್ತಾರ. ಇಕಿ ಅದನ್ನ ಓದಿ ಅವರಿಗೆ ಒಪ್ಪೂವಂಥಾ ಐದ ಅರಬಿ ಆರಿಸಿ, ಒಂದ ಚೀಟಿ ಬರದು, ಡಬ್ಬಿ ಕಳಸ್ತಾಳ. ಹಿಡಿಸಿದ್ದ ರೊಕ್ಕಾ ಕೊಟ್ಟ ಇಟ್ಕೋತಾರ, ಹಿಡಸಲಾರದ್ದ ವಾಪಸ್ ಕಳಸ್ತಾರ. ಐದೂ ಇಟ್ಕೊಂಡ್ರ ಒಂದ ಛಲೋ ಸೀರಿಕಿಂತ ಅಗ್ಗ ಬೀಳ್ತಾವ."

"ಡಬ್ಬಿ ಎಲ್ಲಿ ಐತಿ?"

"ಇಲ್ಲಿಲ್ಲವ್ವಾ. ಎಲ್ಲೋ ಮುಂಬೈ ಕಡೆ ಗುಡೌನ ಐತಿ."

"ಮತ್ತ ಅರಬಿ ಮುಟ್ಟಿ ನೋಡ್ಯಾಳೇನು?"

"ಇಲ್ಲ."

"ಗಿರಾಕಿನ್ನ ನೋಡ್ಯಾಳೇನು?"

"ಇಲ್ಲ. ಮಾತಾಡೂಹಂಗೂ ಇಲ್ಲ."

"ಸಾಹೇಬನ್ನರ?"

"ಸಾಹೇಬ ಅಂತ ಯಾರೂ ಇಲ್ಲವ್ವಾ. ಎಲ್ಲಾ ಮಷೀನ ನೋಡ್ಕೋತೈತಿ."

ನಿಂಗವ್ವ ಬೆರಳು ಮಡಿಚಿ ಲೆಕ್ಕ ಹಾಕಿದಳು. ಬಟ್ಟೆ ಇಲ್ಲ, ಗಿರಾಕಿ ಇಲ್ಲ, ಸಾಹೇಬ ಇಲ್ಲ, ಕೆಲಸ ಮಾತ್ರ ಇದೆ. ಕಾಯಕ ಎಂದ ಮೇಲೆ ಎದುರಿಗೆ ಒಬ್ಬರಾದರೂ ಬೇಕಲ್ಲ ಎಂದು ಅವಳಿಗನಿಸಿತು.

ಅವಳಿಗೆ ಬಟ್ಟೆ ವ್ಯಾಪಾರ ಗೊತ್ತಿಲ್ಲವೆಂದಲ್ಲ. ಗಂಡ ಗುರುಪುತ್ರಪ್ಪ ಖಾನಾಪುರದಲ್ಲಿ ಸೀರೆಯ ಗಂಟು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ತಿರುಗಿ ಮಾರುತ್ತಿದ್ದವನು. ಶಹಾಪುರ, ಖಾಸಬಾಗದ ಮಗ್ಗದವರ ಹತ್ತಿರ ಸೀರೆ ತರುವುದು, ನಂದಗಡ, ಇಟಗಿ, ಕಕ್ಕೇರಿ ಎಂದು ಸುತ್ತುವುದು. ಗಂಡ ಹೊರಗೆ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತರೆ ಹೆಂಡತಿ ಒಳಗೆ ಹೋಗಿ ಹೆಂಗಸರ ಹೆಗಲಿಗೆ ಸೆರಗು ಹೊದಿಸಿ ತೋರಿಸಬೇಕು. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು, ಬರೆದಿಡುವುದು ಬರುತ್ತಿರಲಿಲ್ಲ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಳು. ಯಾವ ಊರಿನ ಯಾವ ಹೆಂಗಸು ಯಾವ ಸುಗ್ಗಿಯಲ್ಲಿ ಯಾವ ದಡಿಯ ಸೀರೆ ಕೊಂಡಳು, ಒಗೆದಾಗ ಬಣ್ಣ ಬಿಟ್ಟಿತೋ ಇಲ್ಲವೋ, ಇವತ್ತಿಗೂ ಹೇಳುತ್ತಾಳೆ. (ನಿನ್ನೆ ಕನ್ನಡಕ ಎಲ್ಲಿಟ್ಟಳೆಂದು ಮಾತ್ರ ಕೇಳಬಾರದು.)

ಅವರ ವ್ಯಾಪಾರಕ್ಕೊಂದು ಪದ್ಧತಿ ಇತ್ತು. ಸೀರೆಯನ್ನು ಗಿರಾಕಿಯ ಮನೆಯಲ್ಲೇ ಬಿಟ್ಟು ಬರುವುದು. "ಎಂಟ ದಿನ ಇಟ್ಕೋರಿ, ಮನಿ ಮಂದೀಗಿ ತೋರಸ್ರಿ. ಹಿಡಸ್ಲಿಲ್ಲಂದ್ರ ನಮ್ಮ ಮನೀಗೇ ತಗೊಂಡ ಬರ್ರಿ, ಬದಲಿ ಮಾಡ್ಕೊಡ್ತೀವಿ" ಎಂದು ಹೇಳುವುದು. ಬದಲಿಗೆ ಬಂದವರಿಗೆ ಚಹಾ, ಚೂಡಾ. ಚಹಾ ಕುಡಿದವರು ಬದಲಿ ಜೊತೆಗೆ ಇನ್ನೊಂದನ್ನೂ ಒಯ್ಯುತ್ತಿದ್ದರು. ಹಾಗಾದರೆ ಸೊಸೆಯ ಕಂಪನಿಯವರು ಹೊಸದಾಗಿ ಕಂಡುಹಿಡಿದದ್ದಾದರೂ ಏನು? ಚಹಾ ಬಿಟ್ಟದ್ದೊಂದೇ.

ಆದರೂ ಈ ಕೆಲಸ ಹೋಗಬಾರದು ಎಂದು ದಿನಾ ಲಿಂಗಪೂಜೆಯಲ್ಲಿ ಬೇಡಿಕೊಳ್ಳುವವಳೂ ನಿಂಗವ್ವನೇ. ಅದಕ್ಕೆ ಕಾರಣ ಸೊಸೆಯ ಕಾಲು. ಇದಕ್ಕೆ ಮೊದಲು ಸಮೃದ್ಧಿ ಊರೊಳಗಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ ಇದ್ದಳು. ಅಲ್ಲಿ ಗಿರಾಕಿ ಇರಲಿ ಬಿಡಲಿ, ಕೂರುವ ಹಾಗಿಲ್ಲ. ನಿಂತು ನಿಂತು ಎರಡೂ ಮೀನಖಂಡದ ನರ ಹಗ್ಗದ ಹಾಗೆ ಎದ್ದು ಕೂತವು. ಇನ್ನೊಂದು ವರ್ಷ ನಿಂತರೆ ಕೊಯ್ಯಬೇಕಾದೀತು ಎಂದರು ಡಾಕ್ಟರು. ಅದಕ್ಕೇ ಕೂತು ಮಾಡುವ ಕೆಲಸ ಹುಡುಕಿದ್ದು. ಸಿಕ್ಕಿತು. ಆದರೆ ಇಲ್ಲಿ ಏಳುವ ಹಾಗಿಲ್ಲ. ಅಲ್ಲಿ ಕೂತರೆ ತಪ್ಪು, ಇಲ್ಲಿ ಎದ್ದರೆ ತಪ್ಪು. ಕೂರುವುದು ಏಳುವುದು ಎರಡೂ ಇರುವಂಥ ಒಂದು ನೌಕರಿಯನ್ನು ಇಷ್ಟು ಓದಿದ ಮಂದಿ ಯಾಕೆ ತಯಾರು ಮಾಡಿಲ್ಲ ಎಂಬುದು ನಿಂಗವ್ವನಿಗೆ ತಿಳಿಯಲೇ ಇಲ್ಲ.

ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ. ಮೂರು ಮಿನಿಟು ಮೌಸ್ ಅಲುಗಾಡದಿದ್ದರೆ ಅದು ಹಳದಿಯಾಗುತ್ತದೆ. ಹಳದಿಯಾದರೆ ಸಮೃದ್ಧಿ ಕೆಲಸ ಬಿಟ್ಟು ಎದ್ದಳೆಂದು ಲೆಕ್ಕ. ಅದರ ಮೇಲೆ ಕ್ಯಾಮೆರಾ, ಹೇಳದೆ ಕೇಳದೆ ಆಗಾಗ ಫೋಟೋ ಹೊಡೆಯುತ್ತದೆ. ಹಿಂದೆ ಮುಂದೆ ಬೇರೆ ಯಾರಾದರೂ ಕಂಡರೆ ಅದೂ ಒಂದು ತಪ್ಪು. ಒಂದು ಡಬ್ಬಿಗೆ ಇಪ್ಪತ್ತು ಮಿನಿಟು. ರಜೆ ಎಂಬುದಿಲ್ಲ, ಬೇಡವಾದರೆ ಆ ಹೊತ್ತನ್ನು ಬಿಟ್ಟುಕೊಡಬೇಕು, ಬಿಟ್ಟರೆ ಇನ್ನೆಲ್ಲೋ ಕೂತ ಇನ್ನೊಬ್ಬಳು ಕಸಿದುಕೊಳ್ಳುತ್ತಾಳೆ. ಸಾಲದ್ದಕ್ಕೆ ಕಂಪನಿಯವರು ಸಮೃದ್ಧಿಗೆ ಮೈರಾ ಎಂದು ಹೆಸರು ಬದಲಿಸಿದ್ದರು.

"ಹೆಸರ ಇಡಾಕ ತೊಟ್ಟಲಾ ಕಟ್ಟಿದ್ರೇನ? ಗುಗ್ಗರಿ ಹಂಚಿದ್ರೇನ?" ಎಂದು ಕೇಳಿದ್ದಳು ನಿಂಗವ್ವ.

"ಇಲ್ರಿ ಅತ್ತೀ. ಇಮೇಲಿನ್ಯಾಗ ಬಂತು."

ಹೀಗಾಗಿ ಸೊಸೆ ಸ್ನಾನಕ್ಕೋ ಮತ್ತೊಂದಕ್ಕೋ ಎದ್ದಾಗ ಆ ಕುರ್ಚಿಯಲ್ಲಿ ಕೂತು ಮೌಸ್ ಉರುಳಿಸುವ ಮಹತ್ತರ ಜವಾಬ್ದಾರಿ ನಿಂಗವ್ವನ ಪಾಲಿಗೆ ಬಂತು. ಆಗ ಕ್ಯಾಮೆರಾದ ಕಣ್ಣಿಗೆ ಸಮೃದ್ಧಿ ತನ್ನ ಹಣೆಯ ಟಿಕಳಿ ತೆಗೆದು ಅಂಟಿಸುತ್ತಿದ್ದಳು. ಮಷೀನು ದಿನಕ್ಕೊಮ್ಮೆ ಕರೆಂಟು ಹೋಗಿದೆ ಎಂದು ನಂಬುತ್ತಿತ್ತು, ಎರಡನೇ ಸಲ ನಂಬುತ್ತಿರಲಿಲ್ಲ. ನಿಂಗವ್ವ ಬಲಗೈಯಲ್ಲಿ ಮೌಸ್ ಉರುಳಿಸುತ್ತ ಎಡಗೈಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದಳು. ಬೆಳ್ಳುಳ್ಳಿಯಿಂದ ಚಟ್ನಿಯಾದರೂ ಆಗುತ್ತದೆ. ಮೌಸಿನಿಂದ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಾಗಲಿಲ್ಲ.

ಶ್ರಾವಣ ಕಳೆದ ಮೇಲೆ ಸಮೃದ್ಧಿಯ ಮುಖ ಸಣ್ಣದಾಯಿತು. ಐದೂ ಬಟ್ಟೆ ಹಿಡಿಸಲಿಲ್ಲವೆಂದು ಧಾರವಾಡದ ಒಂದು ಡಬ್ಬಿ ವಾಪಸ್ಸಾಯಿತು. ಮರುವಾರ ಕೊಲ್ಹಾಪುರದ್ದು.

"ಸಾಲಾಗಿ ಮೂರು ಡಬ್ಬಿ ಹಂಗ ಬಂದ್ರ ಹೆಸರ ತಗದಬಿಡ್ತಾರ್ರಿ ಅತ್ತೀ," ಎಂದು ಅವಳು ಮೇಜಿನ ಕೆಳಗೆ ಕಾಲು ನೀವಿಕೊಂಡಳು. "ಆಮ್ಯಾಲ ಮತ್ತ ಅಂಗಡ್ಯಾಗ ನಿಂದ್ರೂದ ನೋಡ್ರಿ."

"ಯಾರನ್ನ ಕಂಡು ಹೇಳ್ಬೇಕ ಹೇಳು. ನಾ ಹೋಗಿ ಕೈ ಮುಗದು ಬರ್ತೀನಿ."

"ಮಷೀನಿಗೆ ಹೆಂಗ ಕೈ ಮುಗೀತೀರಿ?"

ಇಷ್ಟರಲ್ಲಿ ಸಮೃದ್ಧಿಗೆ ಹಲ್ಲುನೋವು ಎದ್ದಿತು. ಎರಡು ದಿನ ಲವಂಗ ಕಚ್ಚಿಕೊಂಡು ಕೂತಳು. ಮೂರನೇ ದಿನ ಕೆನ್ನೆ ಊದಿ ಕ್ಯಾಮೆರಾದ ತುಂಬ ಅದೇ ಕಾಣತೊಡಗಿತು. ಓಣಿಯ ತುದಿಯಲ್ಲೇ ಹಲ್ಲಿನ ಡಾಕ್ಟರು.

"ಅತ್ತೀ, ಹೊಸಾ ಡಬ್ಬಿ ಬಂದೈತಿ. ಐದೂ ಅರಬಿ ಆರಿಸಿ ಇಟ್ಟೀನಿ. ಹದಿನೈದ ಮಿನಿಟನ್ಯಾಗ ಬಂದು ಚೀಟಿ ಬರೀತೀನಿ. ನೀವು ಮೌಸ್ ಉಳ್ಳಸ್ಕೋಂತ ಕುಂದರ್ರಿ ಸಾಕು. ಏನೂ ಒತ್ತಬ್ಯಾಡ್ರಿ."

"ನಾ ಯಾಕ ಒತ್ತಲಿ," ಎಂದಳು ನಿಂಗವ್ವ. ಆಗ ಅವಳಿಗೆ ಒತ್ತುವ ವಿಚಾರ ಖರೇ ಇರಲಿಲ್ಲ.

ಸೊಸೆ ಟಿಕಳಿ ಅಂಟಿಸಿ ಹೋದಳು. ನಿಂಗವ್ವ ಮೌಸ್ ಉರುಳಿಸುತ್ತ ಕನ್ನಡಕ ಏರಿಸಿ ಪರದೆ ನೋಡಿದಳು. ಎಡಕ್ಕೆ ಗಿರಾಕಿಯ ಫೋಟೋ, ಅದರ ಕೆಳಗೆ ಕನ್ನಡದಲ್ಲೇ ಬರೆದದ್ದು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೆಸರು ಪ್ರಮಿಳಾ. ಊರು ಖಾನಾಪುರ. ವಯಸ್ಸು ನಲವತ್ತೇಳು. 'ಮಗಳನ್ನು ನೋಡಲು ಪುಣೆಯ ಬೀಗರು ಬರುವವರಿದ್ದಾರೆ. ಹಳೆಯ ಕಾಲದವಳ ಹಾಗೆ ಕಾಣಬಾರದು. ನನಗೆ ಏನು ಒಪ್ಪುತ್ತದೆ ಎಂದು ನನಗೇ ಗೊತ್ತಿಲ್ಲ.'

ನಿಂಗವ್ವನ ಕೈ ಮೌಸಿನ ಮೇಲೆ ನಿಂತಿತು. ಆ ಮೂಗು. ಆ ಮೂಗನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಕುರಿ ಸಾಕುತ್ತಿದ್ದ ಮಾಯಕ್ಕನ ಮೂಗು. ಈ ಪ್ರಮಿಳಾಳನ್ನು ತೊಟ್ಟಿಲಿಗೆ ಹಾಕಿದಾಗ ಮಾಯಕ್ಕನಿಗೆ ಕುಸುಮಿ ಬಣ್ಣದ, ಸೆರಗಿಗೆ ಎರಡು ಕೆಂಪು ಪಟ್ಟಿ ಇದ್ದ ಸೀರೆ ಕೊಟ್ಟವಳು ನಿಂಗವ್ವನೇ.

ಬಲಕ್ಕೆ ಸೊಸೆ ಆರಿಸಿದ ಐದು ಬಟ್ಟೆಗಳ ಚಿತ್ರ. ಅವುಗಳಲ್ಲಿ ಯಾವುದು ಅಂಗಿ, ಯಾವುದು ಲಂಗ, ಎಲ್ಲಿಂದ ತಲೆ ಹೊಗಿಸಬೇಕು ಎಂಬುದೇ ನಿಂಗವ್ವನಿಗೆ ತಿಳಿಯಲಿಲ್ಲ. ಮಾಯಕ್ಕನ ಮಗಳಿಗೆ ಇವು ಹಿಡಿಸುವುದಿಲ್ಲ. ಹಿಡಿಸದಿದ್ದರೆ ವಾಪಸ್ಸು ಕಳಿಸುತ್ತಾಳೆ. ಇದು ಮೂರನೇ ಡಬ್ಬಿ.

ಮೇಲೆ ಗಡಿಯಾರದ ಅಂಕಿ ಕೆಂಪಾಗಿ ಮಿಣುಕತೊಡಗಿತು. ನಾಲ್ಕು ಮಿನಿಟು. ಸೊಸೆ ಬರಲಿಲ್ಲ. ಮೂರು ಮಿನಿಟು. ಕೆಳಗೆ ಚೀಟಿ ಬರೆಯುವ ಜಾಗ ಖಾಲಿ, ಅದರ ಪಕ್ಕದಲ್ಲೊಂದು ಮೈಕಿನ ಚಿತ್ರ. ಖಾನಾಪುರದ ತಂಗಿ ಬಾಳವ್ವನಿಗೆ ಫೋನಿನಲ್ಲಿ ಮಾತಾಡಿ ಸಂದೇಶ ಕಳಿಸುವಾಗ ದಿನಾ ಒತ್ತುವ ಅದೇ ಮೈಕು. ನಿಂಗವ್ವ ಒತ್ತಿದಳು. ಗಂಟಲು ಸರಿಮಾಡಿಕೊಂಡಳು.

"ಪ್ರಮಿಳಾ, ನಾ ಸೀರಿ ಗುರುಪುತ್ರಪ್ಪನ ಹೇಂತಿ ನಿಂಗವ್ವ ಅದೀನಿ. ನಿಮ್ಮವ್ವ ಮಾಯಕ್ಕಗ ಗುರ್ತ ಐತಿ. ಈ ಐದರಾಗ ಒಂದರ ಹಿಡಿಸಿದ್ರ ಇಟ್ಕೋ. ಹಿಡಸ್ಲಿಲ್ಲಂದ್ರ ಕಂಪನಿಗೆ ವಾಪಸ್ ಕಳಸಬ್ಯಾಡ, ನನ್ನ ಸೊಸಿ ಕಾಲಿಗೆ ತ್ರಾಸ ಆಗ್ತೈತಿ. ಸೀದಾ ಮನೀಗೇ ತಗೊಂಡ ಬಾ, ಬದಲಿ ಮಾಡ್ಕೊಡ್ತೀನಿ. ಖಾಸಬಾಗ, ಬಸವಣ್ಣನ ಗುಡಿ ಹಿಂದ, ಹಸರ ಬಾಗಲಾ. ಚಹಾ ಕುಡದ ಹೋಗು."

ಮಾತೆಲ್ಲ ಸಾಲುಸಾಲಾಗಿ ಅಕ್ಷರವಾಗಿ ಮೂಡಿತು. ಅವಳಿಗೇ ಆಶ್ಚರ್ಯ. ಇನ್ನೂ ನಾಲ್ಕು ಮಾತು ಹೇಳೋಣವೆಂದರೆ ಗಡಿಯಾರದಲ್ಲಿ ಅರ್ಧ ಮಿನಿಟು ಉಳಿದಿತ್ತು. 'ಕಳುಹಿಸಿ' ಎಂಬ ದೊಡ್ಡ ಗುಂಡಿ ಕಂಡಿತು. ಒತ್ತಿಬಿಟ್ಟಳು.

ಸಮೃದ್ಧಿ ಬಾಯಲ್ಲಿ ಹತ್ತಿ ತುರುಕಿಸಿಕೊಂಡು ಬಂದಳು. ಡಬ್ಬಿ ಹೋಗಿಬಿಟ್ಟಿದ್ದನ್ನು ಕಂಡು ಕಣ್ಣಲ್ಲೇ ಏನೆಂದು ಕೇಳಿದಳು.

"ಹೊತ್ತ ಮುಗೀತು, ಹೋತು," ಎಂದಳು ನಿಂಗವ್ವ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಹಸಿರು ಬಾಗಿಲ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಒಂದು ಕಂಕುಳಲ್ಲಿ ರಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ಗೆಣಸಿನ ಚೀಲ, ನಡುವೆ ಮಾಯಕ್ಕನ ಮೂಗು.

ನಿಂಗವ್ವ ಒಮ್ಮೆ ಮೂಲೆಯ ಮೇಜಿನ ಕಡೆ ತಿರುಗಿ ನೋಡಿದಳು. ಆ ದಿನದ ಟಿಕಳಿಯ ಪಾಳಿ ಬೆಳಿಗ್ಗೆಯೇ ಮುಗಿದಿತ್ತು. ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ಪಡಸಾಲೆಯನ್ನೆಲ್ಲ ನೋಡುತ್ತಿತ್ತು.

"ಗ್ವಾಡಿ ಹಿಡಕೊಂಡ ಬಾ. ಬಗ್ಗಿ ಬಾ," ಎಂದಳು ಪಿಸುದನಿಯಲ್ಲಿ.

"ಯಾಕ್ರಿ ಕಾಕು, ಒಳಗ ಪೊಲೀಸರ ಅದಾರೇನ್ರಿ?"

"ಮಷೀನ ಐತಿ. ಬಗ್ಗ ನೀ ಮೊದಲ."

ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ, ಗೆಣಸಿನ ಚೀಲ ಎಳೆದುಕೊಂಡು, ಕುಕ್ಕರುಗಾಲಲ್ಲಿ ಅಡುಗೆಮನೆ ಸೇರಿದರು. ಸಮೃದ್ಧಿ ಪರದೆಯಿಂದ ಮುಖ ತಿರುಗಿಸಲಿಲ್ಲ. ಕ್ಯಾಮೆರಾಕ್ಕಾಗಿ ಇಟ್ಟುಕೊಂಡ ನಗೆಯನ್ನು ಹಾಗೇ ಇಟ್ಟುಕೊಂಡು ಹಲ್ಲಿನ ಸಂದಿಯಿಂದ ಕೇಳಿದಳು:

"ಯಾರ್ರಿ ಅತ್ತೀ ಅವರು?"

"ಯಾರಿಲ್ಲ. ಖಾನಾಪುರದವ್ರು."

"ಎದಕ್ಕ ಬಂದಾರ?"

"ಗೆಣಸ ಕೊಡಾಕ."

"ಅಲ್ರೀ, ಅರಬಿ ಬದಲಿ ಮಾಡಾಕ," ಎಂದಳು ಪ್ರಮಿಳಾ ಒಳಗಿನಿಂದ. "ಚೀಟ್ಯಾಗ ಬರದೀರಲ್ರಿ, ಗುಡಿ ಹಿಂದ, ಹಸರ ಬಾಗಲಾ, ಮನೀಗೇ ಬಾ ಅಂತ."

ಸಮೃದ್ಧಿಯ ನಗೆ ಇದ್ದಲ್ಲೇ ಇತ್ತು. ಕಣ್ಣು ಮಾತ್ರ ತುಂಬಿತು. "ಅತ್ತೀ," ಎಂದಳು ಬೆರಳು ಕುಟ್ಟುತ್ತಲೇ, "ಚೀಟ್ಯಾಗ ಫೋನ ನಂಬರ ಇದ್ರ ಮಷೀನ ಹಿಡೀತೈತಿ. ಗುಡಿ ಹಿಂದ, ಹಸರ ಬಾಗಲಾ ಅಂದ್ರ ಅದಕ್ಕೇನ ತಿಳೀತೈತಿ. ಗಿರಾಕಿ ಮನೀಗಿ ಬಂದಿದ್ದ ಗೊತ್ತಾದ್ರ ನನ್ನ ಹೆಸರ ತಗೀತಾರ. ಇವರು ವಾಪಸ್ ಕಳಿಸಿದ್ರೂ ತಗೀತಾರ. ಈಗ ನೀವ ಹೇಳ್ರಿ, ನಾ ಏನ ಮಾಡ್ಲಿ?"

ನಿಂಗವ್ವನಿಗೆ ಅರ್ಥವಾದದ್ದು ಇಷ್ಟು: ಸೊಸೆಯ ಕಾಲು ಉಳಿಯಬೇಕಾದರೆ ಪ್ರಮಿಳಾ ತನ್ನ ಫೋನಿನಲ್ಲಿ 'ಐದೂ ಇಟ್ಟುಕೊಂಡೆ' ಎಂದು ಒತ್ತಬೇಕು. ಬೇರೆ ದಾರಿ ಇಲ್ಲ.

ಆದರೆ ಪ್ರಮಿಳಾ ಡಬ್ಬಿ ಬಿಚ್ಚಿ ಒಂದೊಂದನ್ನೇ ಹೊರಗೆಳೆಯತೊಡಗಿದ್ದಳು. "ಇದನ್ನ ನೋಡ್ರಿ ಕಾಕು, ಭುಜದ ಮ್ಯಾಲ ಇಲಿ ಕಡದಂಗ ತೂತು. ಇದಕ್ಕ ಗುಂಡಿನ ಇಲ್ಲ, ಮುಂದ ಬಿಚ್ಚಿಕೊಂಡ ಅಡ್ಡಾಡ್ಬೇಕಂತ. ಇನ್ನ ಇದು, ಅಂಗಿ ಪ್ಯಾಂಟ ಕೂಡೇ ಹೊಲದಾರ. ಹೊಕ್ಕ ಮ್ಯಾಲ ಹೊರಗ ಬರಾಕ ಹಾದಿ ಇಲ್ಲ. ನಮ್ಮ ಮನಿಯವ್ರು ಅರ್ಧಾ ತಾಸ ಜಗ್ಗಿದ್ರು. ಇದನ್ನ ಹಾಕ್ಕೊಂಡ ಬೀಗರ ಮುಂದ ಕುಂತು, ನಡುವ ಹಿತ್ತಲಿಗೆ ಹೋಗೂ ಹೊತ್ತ ಬಂದ್ರ ಮನಿಯವ್ರನ್ನ ಕರೀಲೇನ್ರಿ?"

"ಹುಡುಗಿ ನೋಡಾಕ ಯಾವತ್ತ ಬರ್ತಾರ?"

"ಬರೂ ಆಯ್ತಾರ. ಬದಲಿ ಏನ ಕೊಡ್ತೀರಿ, ತಗೀರಿ."

ಬದಲಿ. ನಿಂಗವ್ವ ಸುತ್ತ ನೋಡಿದಳು. ಅಡುಗೆಮನೆಯಲ್ಲಿ ಬದಲಿ ಕೊಡುವಂಥದ್ದು ಉಪ್ಪಿನಕಾಯಿಯ ಭರಣಿಯೊಂದೇ. ಆಮೇಲೆ ಕಣ್ಣು ಮೂಲೆಯ ಟ್ರಂಕಿನ ಮೇಲೆ ಹೋಯಿತು. ಗುರುಪುತ್ರಪ್ಪ ತೀರಿಕೊಂಡಾಗ ಗಂಟಿನಲ್ಲಿ ಮಾರದೆ ಉಳಿದ ಆರು ಶಹಾಪುರ ಸೀರೆ ಅದರಲ್ಲಿದ್ದವು. ಹನ್ನೊಂದು ವರ್ಷದಿಂದ ಅವಳು ಒಂದನ್ನೂ ಉಟ್ಟಿರಲಿಲ್ಲ, ಒಂದನ್ನೂ ಕೊಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಮಡಿಚಿಡುತ್ತಿದ್ದಳು, ಅಷ್ಟೇ.

ಮೇಲಿದ್ದ ಹಸಿರು ಸೀರೆ ತೆಗೆದಳು. ಪ್ರಮಿಳಾಳ ಹೆಗಲಿಗೆ ಸೆರಗು ಹೊದಿಸಿದಳು. ಕೈ ಏನೂ ಮರೆತಿರಲಿಲ್ಲ. ಕನ್ನಡಿ ಪಡಸಾಲೆಯಲ್ಲಿತ್ತು, ಅಲ್ಲಿಗೆ ಹೋಗುವ ಹಾಗಿಲ್ಲ. ಒಂದು ಸ್ಟೀಲಿನ ತಾಟು ಒರೆಸಿ ಎತ್ತಿ ಹಿಡಿದಳು.

ಪ್ರಮಿಳಾ ತಾಟಿನಲ್ಲಿ ಬಹಳ ಹೊತ್ತು ನೋಡಿಕೊಂಡಳು. "ನಮ್ಮವ್ವಗ ನೀವು ಕೊಟ್ಟದ್ದ ಕುಸುಮಿ ಸೀರಿ," ಎಂದಳು, "ಅದರ ಕೌದಿ ಹೊಲಿಸಿವ್ರಿ ಕಾಕು. ಈಗೂ ಹೊಚ್ಕೋತೀವಿ."

"ಬಣ್ಣ ಹೋಗಿಲ್ಲಲ್ಲ?"

"ಇಲ್ರಿ." ಆಮೇಲೆ ಸೀರೆಯನ್ನು ಕೆಳಗಿಳಿಸಿ ವ್ಯಾಪಾರಕ್ಕೆ ಕೂತಳು. "ಖರೇ, ಐದ ಕೊಟ್ಟು ಒಂದ ಒಯ್ಯೂದಂದ್ರ ಹೆಂಗ್ರಿ?"

ತಾಯಿಯದು ಮೂಗೊಂದೇ ಬಂದಿಲ್ಲ ಎಂದು ನಿಂಗವ್ವನಿಗೆ ಆಗ ತಿಳಿಯಿತು. ಎರಡು ಕೊಟ್ಟಳು. ಪ್ರಮಿಳಾ ಹಸಿರು, ನೀಲಿ ಎರಡೂ ಸೀರೆ ಚೀಲಕ್ಕೆ ಹಾಕಿ, ಫೋನು ತೆಗೆದು 'ಐದೂ ಇಟ್ಟುಕೊಂಡೆ' ಒತ್ತಿ, ಮೆಚ್ಚುಗೆಗೆಂದು ಇದ್ದಷ್ಟು ಚುಕ್ಕಿಗಳನ್ನೆಲ್ಲ ಕೊಟ್ಟು, ಎರಡು ಕಪ್ ಚಹಾ ಕುಡಿದು, ಬಂದ ಹಾಗೆ ಗೋಡೆ ಹಿಡಿದು ಹೋದಳು. ಐದು ಬಟ್ಟೆ ಟ್ರಂಕಿಗೆ ಬಿದ್ದವು.

ಮರುವಾರವೇ ಎರಡು ಸುದ್ದಿ ಬಂದವು. ಪುಣೆಯ ಬೀಗರು ಒಪ್ಪಿದರು, ಬರುವ ತಿಂಗಳು ನಿಶ್ಚಯ, ಕಾಕು ಬರಲೇಬೇಕು ಎಂದು ಪ್ರಮಿಳಾ ಬಾಳವ್ವನ ಕೈಯಲ್ಲಿ ಹೇಳಿ ಕಳಿಸಿದಳು. ಇನ್ನೊಂದು, ಮಷೀನು ಸಮೃದ್ಧಿಗೆ ಬಂಗಾರದ ಬಣ್ಣದ ಒಂದು ನಕ್ಷತ್ರ ಕೊಟ್ಟಿತು.

"ನಕ್ಷತ್ರ ಕೊಟ್ರ ಏನಾಗ್ತೈತಿ?" ಎಂದಳು ನಿಂಗವ್ವ ಹಿಗ್ಗಿನಿಂದ.

"ಇಪ್ಪತ್ತ ಮಿನಿಟಿನ ಡಬ್ಬಿ ಇನ್ನ ಹದಿನಾಲ್ಕರಾಗ ಮುಗಿಸ್ಬೇಕ್ರಿ. ಖಾನಾಪುರದ ಗಿರಾಕಿ ಎಲ್ಲಾ ಇನ್ನ ನಂದಽ. ಮತ್ತ..." ಸಮೃದ್ಧಿ ಇನ್ನೊಮ್ಮೆ ಓದಿದಳು. "ನಕ್ಷತ್ರದವ್ರ ಡಬ್ಬಿ ಒಂದೂ ಪೂರಾ ವಾಪಸ್ ಬರಬಾರದಂತ. ಮೊದಲ ಮೂರ ಇತ್ತಲ್ರಿ, ಈಗ ಒಂದಕ್ಕೇ ಹೆಸರ ತಗೀತಾರ."

"ಇದು ಬಹುಮಾನ ಏನ ಶಿಕ್ಷಾ?"

"ನನಗೂ ತಿಳೀವಲ್ದರಿ."

ಅತ್ತೆ ಸೊಸೆ ಇಬ್ಬರೂ ಒಂದೇ ವಿಷಯದಲ್ಲಿ ಒಟ್ಟಿಗೆ ಗೊಂದಲಕ್ಕೆ ಬಿದ್ದದ್ದು ಆ ಮನೆಯಲ್ಲಿ ಅದೇ ಮೊದಲು.

ಮುಂದಿನ ದಿನಗಳಲ್ಲಿ ಸಮೃದ್ಧಿ ಇನ್ನೊಂದು ವಿಚಿತ್ರ ಹೇಳಿದಳು. ಖಾನಾಪುರದಿಂದ ಒಂದೇ ವಾರದಲ್ಲಿ ನಾಲ್ಕು ಡಬ್ಬಿ ಬೇಕೆಂದು ಬಂದಿವೆ. ಅಳತೆಯ ಜಾಗದಲ್ಲಿ 'ಯಾವುದಾದರೂ ನಡೆಯುತ್ತದೆ' ಎಂದಿದೆ. ಬಣ್ಣದ ಜಾಗದಲ್ಲಿಯೂ ಅದೇ.

"ಆರಿಸೂದ ಬ್ಯಾಡ, ಏನರ ಕಳಸ್ರಿ, ಲಗೂನ ಕಳಸ್ರಿ ಅಂತ ಬರದಾರ್ರಿ ಅತ್ತೀ. ಇಂಥಾ ಗಿರಾಕಿ ಎಲ್ಲಿ ಸಿಗ್ತಾರ."

"ನಮ್ಮ ಊರ ಮಂದಿ ಅಂದ್ರ ಹಂಗಽ," ಎಂದಳು ನಿಂಗವ್ವ. ಹೆಮ್ಮೆಯಿಂದ ಅವಳ ತಲೆ ಒಂದು ಗೇಣು ಮೇಲೆದ್ದಿತು.

ನಿಶ್ಚಯದ ದಿನ ಬಂತು. ಬೆಳಗಿನ ಹೊತ್ತು ಮಳೆ ಸಣ್ಣಗೆ ಹನಿಯುತ್ತಿತ್ತು. ನಿಂಗವ್ವನ ದಿನದ ಸೀರೆಗಳೆಲ್ಲ ಒಗೆದು ಹಿತ್ತಲಿನ ತಗಡಿನ ಕೆಳಗೆ ಹಗ್ಗದ ಮೇಲಿದ್ದವು, ನಿನ್ನೆಯಿಂದಲೂ ಹಸಿಯೇ. ಏನಾದರಾಗಲಿ ಎಂದು ಅವಳು ಟ್ರಂಕು ತೆರೆದು, ಉಳಿದ ನಾಲ್ಕರಲ್ಲಿ ಬೂದಿ ಬಣ್ಣದ, ಕಂದು ದಡಿಯ ಸೀರೆ ತೆಗೆದು ಉಟ್ಟಳು. ಹಣೆಗೆ ವಿಭೂತಿ ಹಚ್ಚಿಕೊಂಡು, ಖಾನಾಪುರದ ಬಸ್ಸಿಗೆಂದು ಬಾಗಿಲು ತೆರೆದಳು.

ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು. ನಾಲ್ವರ ತೊಡೆಯ ಮೇಲೂ ರಟ್ಟಿನ ಡಬ್ಬಿ.

"ಶರಣ್ರಿ," ಎಂದಳು ಅವರಲ್ಲಿ ದೊಡ್ಡವಳಾದ ಶಿವಲಿಂಗವ್ವ. "ಐದಕ್ಕ ಎರಡ ಸೀರಿ ಕೊಡೂದು ಇದಽ ಮನಿ ಹೌದಲ್ರಿ? ಪ್ರಮಿಳಾ ನಮ್ಮ ಸಂಘದ ಮೀಟಿಂಗಿನ್ಯಾಗ ಹೇಳಿದ್ಲು."

ನಿಂಗವ್ವನಿಗೆ ಒಮ್ಮೆಗೇ ಎಲ್ಲ ತಿಳಿಯಿತು. ತಿಳಿದ ಮೇಲೆ, ತಿಳಿಯದೆ ಇದ್ದದ್ದೇ ಚೆನ್ನಾಗಿತ್ತು ಎನಿಸಿತು.

"ಇಲ್ರವಾ, ಅದು ಅಕೀಗಿ ಒಬ್ಬಾಕೀಗಿ..."

"ಹಂಗಾದ್ರ ವಾಪಸ್ ಒತ್ತಲೇನ್ರಿ?" ಎಂದು ಶಿವಲಿಂಗವ್ವ ಫೋನು ತೆಗೆದಳು. ಉಳಿದ ಮೂವರೂ ತೆಗೆದರು.

ಒಳಗೆ ಕೇಳಿಸುತ್ತಿದ್ದ ಟಕಟಕ ಸದ್ದು ನಿಂತಿತು. ನಿಂಗವ್ವ ತಿರುಗಿ ನೋಡಿದಳು. ಸಮೃದ್ಧಿಯ ನಗೆಮುಖ ಪರದೆಯ ಕಡೆಗೇ ಇತ್ತು. ಮೇಜಿನ ಕೆಳಗೆ ಅವಳ ಎರಡೂ ಕಾಲು ಒಂದಕ್ಕೊಂದು ಅವಚಿಕೊಂಡಿದ್ದವು.

"ಒತ್ತಬ್ಯಾಡ್ರಿ," ಎಂದಳು ನಿಂಗವ್ವ. "ಒಳಗ ಬರ್ರಿ. ಗ್ವಾಡಿ ಹಿಡಕೊಂಡು, ಬಗ್ಗಿ ಬರ್ರಿ."

ನಾಲ್ವರೂ ಸಾಲಾಗಿ, ಡಬ್ಬಿ ತಲೆಯ ಮೇಲಿಟ್ಟುಕೊಂಡು, ಬಾತುಕೋಳಿಯ ನಡಿಗೆಯಲ್ಲಿ ಅಡುಗೆಮನೆ ಸೇರಿದರು. ಹೆಂಗಸರು ಎರಡು ಎಂದರು, ನಿಂಗವ್ವ ಒಂದು ಎಂದಳು.

"ಪ್ರಮಿಳಾಗ ಎರಡ ಕೊಟ್ಟೀರಿ."

"ಅದು ಬೋಣಿ. ಬೋಣಿ ಗಿರಾಕೀಗಿ ಎಲ್ಲಾರೂ ಹೆಚ್ಚ ಕೊಡ್ತಾರ."

ಒಂದು ತಾಸು ಚೌಕಾಶಿ ನಡೆದು ಐದಕ್ಕೆ ಒಂದು ಎಂದು ತೀರ್ಮಾನವಾಯಿತು. ಮೊದಲನೆಯವಳು ಹಳದಿ ಒಯ್ದಳು, ಎರಡನೆಯವಳು ಚೌಕಡಿಯದು, ಮೂರನೆಯವಳು ಕೆಂಪು. ಮೂವರೂ ಒತ್ತಿದರು. ಶಿವಲಿಂಗವ್ವನ ಪಾಳಿ ಬಂದಾಗ ಟ್ರಂಕಿನ ತಳದಲ್ಲಿ ಬಿದ್ದಿದ್ದು ಡಾಂಬರಗುಳಿಗೆ ಮಾತ್ರ.

"ಮುಗದಾವು ನೋಡ್ರಿ. ಬೇಕಂದ್ರ ಕೈ ಹಾಕಿ ನೋಡ್ರಿ," ಎಂದಳು ನಿಂಗವ್ವ.

ಶಿವಲಿಂಗವ್ವ ಟ್ರಂಕು ನೋಡಲಿಲ್ಲ. ನಿಂಗವ್ವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ದಡಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು.

"ಇದು ಬರೋಬ್ಬರಿ ಐತಲ್ರಿ."

"ಯವ್ವಾ, ಇದನ್ನ ನಾ ಉಟ್ಟೀನಿ. ನಿಶ್ಚಯಕ್ಕ ಹೊಂಟೀನಿ."

"ನಾನೂ ಅಲ್ಲಿಗೇ ಹೊಂಟೀನ್ರಿ. ಉಟ್ಕೊಂಡ ಹೋಗ್ತೀನಿ." ಅವಳ ಹೆಬ್ಬೆರಳು ಫೋನಿನ ಮೇಲೆ ಒಂದು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತ್ತು.

ನಿಂಗವ್ವ ಲೆಕ್ಕ ಹಾಕಿದಳು. ತನ್ನ ಸೀರೆ ಹಗ್ಗದ ಮೇಲೆ ಹಸಿ. ಸೊಸೆಯ ಸೀರೆಗಳಿರುವ ಕಪಾಟು ಕ್ಯಾಮೆರಾದ ಎದುರಿಗೆ. ಉಳಿದದ್ದು ಟ್ರಂಕಿನ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದ ಕಂಪನಿಯ ಬಟ್ಟೆಗಳು. ಹೆಂಗಸರೆಲ್ಲ ಸೇರಿ ಹುಡುಕಿ, ಮೈ ಪೂರ್ತಿ ಮುಚ್ಚುವಂಥ ಒಂದೇ ಒಂದು ಗೌನು ಆರಿಸಿ ಕೊಟ್ಟರು. ಕಪ್ಪು ಬಟ್ಟೆ, ಅದರ ತುಂಬ ಸಾರಿನ ಬಟ್ಟಲಷ್ಟು ಅಗಲದ ಸೂರ್ಯಕಾಂತಿ ಹೂ.

"ಭಾರೀ ಒಪ್ಪತೈತ್ರಿ ನಿಮಗ," ಎಂದಳು ಶಿವಲಿಂಗವ್ವ, ಬೂದಿ ಸೀರೆಯ ನೆರಿಗೆ ಹಿಡಿಯುತ್ತ. ಆಮೇಲೆ ಒತ್ತಿದಳು, ಐದೂ ಚುಕ್ಕಿ ಕೊಟ್ಟಳು. ನಾಲ್ವರೂ ಗೋಡೆ ಹಿಡಿದು ಬಗ್ಗಿ ಹೊರಬಿದ್ದು, ಖಾನಾಪುರದ ಬಸ್ಸು ಹಿಡಿಯಲು ಓಡಿದರು. ಪಡಸಾಲೆಯಲ್ಲಿ ಟಕಟಕ ಸದ್ದು ಮತ್ತೆ ಶುರುವಾಯಿತು.

ನಿಂಗವ್ವ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಬೆಳ್ಳುಳ್ಳಿ ಬಿಡಿಸತೊಡಗಿದಳು. ಗೌನು ಅವಳ ಸುತ್ತ ನೆಲದ ಮೇಲೆ ಹರಡಿಕೊಂಡಿತ್ತು.

ಮಧ್ಯಾಹ್ನ ಪ್ರಸಾದ ಮೊದಲ ಪಾಳಿ ಮುಗಿಸಿ ಬಂದ. ಅಡುಗೆಮನೆಯ ಬಾಗಿಲಲ್ಲಿ ಹೂವಿನ ಬೆನ್ನು ಕಂಡು ಗಾಬರಿಯಾಗಿ ಚಪ್ಪಲಿ ಹೊರಗೆ ಬಿಟ್ಟು ಬಂದು, ಕೈ ಮುಗಿದು ನಿಂತ.

"ನಮಸ್ಕಾರ್ರಿ ಮೇಡಂ. ಕಂಪನಿಯವ್ರೇನ್ರಿ? ಮ್ಯಾಲ ಕುಂದರ್ರಿ, ನೆಲಾ ಥಂಡಿ ಐತಿ. ನಮ್ಮವ್ವ ಎಲ್ಲಿ ಹೋದ್ಲರಿ?"

ನಿಂಗವ್ವ ಮುಖ ತಿರುಗಿಸಲಿಲ್ಲ.

"ನಿಮ್ಮವ್ವ ನಿಶ್ಚಯಕ್ಕ ಹೋಗ್ಯಾಳಪ್ಪಾ," ಎಂದಳು. "ಹಗ್ಗದ ಮ್ಯಾಲಿನ ಸೀರಿ ಒಣಗಿದ ಮ್ಯಾಲ ಬರ್ತಾಳ."